ನನ್ನ ದಡಿ, ನಿನ್ನ ಸೆರಗು

ಚಿಮ್ಮಡ
೨೨ ಜನವರಿ ೨೦೨೬, ಗುರುವಾರ

ರಸಿಕಾ,

ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಬರೆದದ್ದೂ ನಿನಗೆ ಕಾಣಲಿ, ಹೊಡೆದದ್ದೂ ಕಾಣಲಿ ಎಂದು ಇದರಲ್ಲೇ ಮುಂದುವರಿಸಿದ್ದೇನೆ. ನಾವೆಲ್ಲ ಆರಾಮ. ನಿನ್ನ ಅಜ್ಜಿ ಇಂದಿರಾಬಾಯಿಯವರ ಮೊಣಕಾಲು ಹೇಗಿದೆ? ಅವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಇನ್ನೂ ತಿಳಿಸಿಲ್ಲ, ಮೊದಲು ಎಲ್ಲ ಹೇಳಿ ಮುಗಿಸುತ್ತೇನೆ.

ತುಳಸಿ ಲಗ್ನ ಆದ ಮುಂದಿನ ವಾರದಿಂದ ನಿನ್ನ ನಂಬರು ನನ್ನ ಫೋನಿನಲ್ಲಿ ಬ್ಲಾಕ್ ಆಗಿದೆ. ಅಲ್ಲಿಂದ ಈಚೆ ನೀನು ಫೋನ್ ಮಾಡಿದ್ದಿಯೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡಿರದಿದ್ದರೆ ಇನ್ನೂ ಸಿಟ್ಟು ಬರುತ್ತದೆ. ಯಾಕೆ ಬ್ಲಾಕ್ ಮಾಡಿದೆ ಎಂದು ಹೇಳಬೇಕಾದರೆ ನಾಗರಪಂಚಮಿಯ ಹೊತ್ತಿಗೆ ಹೋಗಬೇಕು. ಆ ದಿನ ನೀನೂ ಜೊತೆಗೇ ಇದ್ದಿ, ಆದರೆ ನನ್ನ ಕಡೆಯಿಂದ ನೋಡಿದರೆ ಅದು ಬೇರೆಯೇ ದಿನ.

ಬನಹಟ್ಟಿಯಲ್ಲಿ ಸೀರೆ ನೇಯಿಸಿ ಮಾರುವ ಅಪ್ಪಾಸಾಬ ಸಾವಕಾರರಿಗೆ ಡಿಸೈನ್ ಬರೆಯುವವರು ಬೇಕಾಗಿದ್ದಾರೆ ಎಂದು ನಾವಿಬ್ಬರೂ ಸೀರೆ ಡಿಸೈನ್ ಕಲಿಯುತ್ತಿದ್ದ ಕ್ಲಾಸಿನಲ್ಲಿ ಸುದ್ದಿ ಬಂದಿತ್ತು. ಒಬ್ಬರೇ ಬೇಕು, ಒಂದೇ ಖುರ್ಚಿ. ಹಾಗಿದ್ದೂ ಇಬ್ಬರೂ ಕೂಡಿಯೇ ಹೋಗೋಣ ಎಂದು ನೀನು ಅಂದಿ, ನಾನು ಹೂಂ ಅಂದೆ. ಕಂಪ್ಯೂಟರಿನಲ್ಲಿ ಕೈ ಆಡಿಸಿಕೊಳ್ಳಲೆಂದು ಹಿಂದಿನ ದಿನವೇ ಜಮಖಂಡಿಗೆ ನಿಮ್ಮ ಮನೆಗೆ ಬಂದು ಉಳಿದೆ. ನಿನಗೆ ಮನೆಯಲ್ಲೇ ಕಂಪ್ಯೂಟರು, ಅದಕ್ಕೊಂದು ಬೇರೆ ಟೇಬಲ್ಲು, ಟೇಬಲ್ಲಿನ ಮೇಲೆ ಕ್ರೋಷಾದ ಹೊದಿಕೆ. ನಾನು ಆ ಹೊದಿಕೆಯನ್ನು ಮಡಚಿಡುವಾಗ ಏನು ಯೋಚಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ, ಆದರೆ ಒಳ್ಳೆಯದೇನೂ ಅಲ್ಲ.

ಬೆಳಿಗ್ಗೆ ಹೊರಡುವಾಗ ನಿನ್ನ ಅಜ್ಜಿ ಇಬ್ಬರ ಅಂಗೈಗೂ ಮೊಸರು ಸಕ್ಕರೆ ಹಾಕಿದರು. ಕೆಲಸ ಆಗಲಿ ಎಂದು ಇಬ್ಬರ ತಲೆಯ ಮೇಲೂ ಕೈಯಿಟ್ಟರು. ಪಾಪ, ಅವರು ಭೇದ ಮಾಡುವವರಲ್ಲ. ಆದರೆ ನಿನ್ನ ಅಂಗೈಗೆ ಬಿದ್ದ ಮೊಸರು ತುಸು ಹೆಚ್ಚಿತ್ತು, ರಸಿಕಾ. ನಾನು ನೋಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ನೀನು ಕೂತಿದ್ದಕ್ಕೂ ನನಗೆ ಬೇಜಾರಾಗಿತ್ತು. ಹೀಗೆ ನಾನು ಸಣ್ಣ ಸಣ್ಣದಕ್ಕೆ ಲೆಕ್ಕ ಇಡುವವಳು, ನಿನಗೆ ಯಾವತ್ತೂ ತೋರಿಸಿರಲಿಲ್ಲ ಅಷ್ಟೆ.

ಸಾವಕಾರರು ಮನೆತನದ ಅಡ್ಡಹೆಸರು ಕೇಳಿದ್ದು ನೆನಪಿದೆಯೇ? ನಿನ್ನದನ್ನು ಕೇಳಿ ಜಮಖಂಡಿಯಲ್ಲಿ ಯಾರ ಪೈಕಿ, ಬ್ಯಾಂಕಿನ ಧೀರೇಂದ್ರರಾಯರು ಏನಾಗಬೇಕು ಎಂದು ವಿಚಾರಿಸಿದರು. ಕಾಕಾ ಎಂದು ನೀನು ನಕ್ಕು ಹೇಳಿದಿ. ನನ್ನದನ್ನು ಕೇಳಿ ಬರೆದುಕೊಂಡು ಹಾಳೆ ಮಗುಚಿದರು. ಆಮೇಲೆ ಫೋನ್ ನಂಬರು ಬರೆಸುವಾಗ ನೀನು ನಿನ್ನದನ್ನು ಬಿಟ್ಟು ಕಾಕಾನ ಆಫೀಸಿನ ನಂಬರು ಬರೆಸಿದಿ. ಹುಡುಗಿಯರ ನಂಬರು ಕಂಡವರಿಗೆ ಕೊಡಬಾರದು ಎಂದು ನಿಮ್ಮ ಮನೆಯಲ್ಲಿ ಹೇಳಿದ್ದರಂತೆ. ನಾನು ನನ್ನದೇ ಬರೆಸಿದೆ. ಇದರಲ್ಲಿ ವಶೀಲಿ ಇದೆ, ಕಾಕಾನ ಹೆಸರು ಅವರ ಕಣ್ಣ ಮುಂದೆ ಇರಲಿ ಎಂದೇ ಇವಳು ಹೀಗೆ ಮಾಡಿದಳು ಎಂಬ ಹುಳ ಅವತ್ತೇ ನನ್ನ ತಲೆಗೆ ಹೊಕ್ಕಿತು.

ಬಂದಿದ್ದ ಉಳಿದವರೆಲ್ಲ ಊಟದ ಹೊತ್ತಿಗೆ ಎದ್ದು ಹೋದರು. ನಮ್ಮಿಬ್ಬರನ್ನು ಕೂರಿಸಿಕೊಂಡು ನನಗೆ ದಡಿ ಬರಿ ಎಂದರು, ನಿನಗೆ ಸೆರಗು ಬರಿ ಎಂದರು. ಸೆರಗು ಅಂದರೆ ಎಲ್ಲರೂ ನೋಡುವುದು, ಹೆಗಲ ಮೇಲೆ ಮೆರೆಯುವುದು. ದಡಿ ಅಂದರೆ ಅಂಚು, ನೆಲಕ್ಕೆ ತಾಗಿ ಕೊಳೆಯಾಗುವುದು. ನಿನಗೆ ಅದು, ನನಗೆ ಇದು. ಆದರೂ ನಾನು ಜೀವ ಇಟ್ಟು ಬರೆದೆ. ಕಬ್ಬು ಸೂಲಂಗಿ ಬಿಟ್ಟಾಗ ಆ ಹೂತೆನೆಗಳು ಗಾಳಿಗೆ ಎಲ್ಲವೂ ಒಂದೇ ಕಡೆ ವಾಲುತ್ತವಲ್ಲ, ಅದನ್ನು ಉದ್ದಕ್ಕೂ ಸಾಲಾಗಿ ಇಟ್ಟೆ. ನೀನು ಪಾರಿವಾಳ ಬರೆದಿ. ಯಾವಾಗಲೂ ಬರೆಯುವ ಹಾಗೆ ಸಾಲಿನಲ್ಲಿ ಒಂದನ್ನು ಮಾತ್ರ ಹಿಂದೆ ಹೊರಳಿ ನೋಡುವ ಹಾಗೆ ಮಾಡಿದಿ. ಸಾವಕಾರರು ಎರಡನ್ನೂ ನೋಡಿದರು, ಛಲೋ ಅಂದರು, ಎರಡನ್ನೂ ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಂಡರು. ಎಂಟು ದಿನದೊಳಗೆ ತಿಳಿಸುತ್ತೇವೆ ಎಂದರು.

ಆಮೇಲಿನದು ನಿನಗೂ ಗೊತ್ತು. ಎಂಟು ದಿನ ಹೋಯಿತು, ಗಣಪತಿ ಹೋದ, ದಸರಾ ಹೋಯಿತು. ಸ್ನಾನಕ್ಕೆ ಹೋದರೂ ಬಚ್ಚಲ ಗೂಡಿನಲ್ಲಿ ಫೋನ್ ಇಟ್ಟುಕೊಂಡು ಹೋಗುತ್ತಿದ್ದೆ. ನಾನೇ ಮಾಡಿದರೆ ಅಲ್ಲಿನ ದಶರಥ ಎಂಬ ಗುಮಾಸ್ತ ಎತ್ತುತ್ತಿದ್ದ. ಸಾವಕಾರರು ಒಮ್ಮೆ ಇಚಲಕರಂಜಿಗೆ ಹೋಗಿರುತ್ತಿದ್ದರು, ಒಮ್ಮೆ ಸೊಲ್ಲಾಪುರಕ್ಕೆ. ಊರಲ್ಲೇ ಇದ್ದರೆ ಊಟಕ್ಕೆ ಕೂತಿರುತ್ತಿದ್ದರು. ನಾನು ಯಾವ ಹೊತ್ತಿನಲ್ಲಿ ಮಾಡಿದರೂ ಅವರು ಊಟಕ್ಕೇ ಕೂತಿರುತ್ತಿದ್ದರು. ನಮ್ಮ ಅವ್ವ ತಾರವ್ವ ನಿನಗೆ ಗೊತ್ತಲ್ಲ, ಮಗಳಿಗೆ ಬನಹಟ್ಟಿಯಲ್ಲಿ ಕೆಲಸ ಆಗುವುದಿದೆ ಎಂದು ಓಣಿ ತುಂಬ ಹೇಳಿಕೊಂಡು ಬಂದಿದ್ದಳು. ನೀರಿಗೆ ಹೋದಲ್ಲೆಲ್ಲ ನನ್ನನ್ನು ನಿಲ್ಲಿಸಿ ಕೇಳುವವರೇ. ಬರುವುದಿದೆ ಎಂದು ಹೇಳಿ ಹೇಳಿ, ಕೊನೆಗೆ ಆ ನಲ್ಲಿಯ ಕಡೆ ಹೋಗುವುದನ್ನೇ ಬಿಟ್ಟೆ.

ನಮ್ಮ ಚಿಕ್ಕಪ್ಪನ ಮಗಳು ಸಂಧ್ಯಾಳನ್ನು ಹೋದ ವರ್ಷ ಸಾವಳಗಿಯವರು ನೋಡಿ ಹೋಗಿದ್ದರು. ಅವರಿಗೆ ಮನಸ್ಸಿರಲಿಲ್ಲ. ಆದರೂ ನಾಲ್ಕನೆಯ ದಿನ ಹೇಳಿ ಕಳಿಸಿದರು, ಹುಡುಗ ಈ ವರ್ಷ ಬೇಡ ಅನ್ನುತ್ತಾನೆ ಎಂದು. ಸುಳ್ಳು ಎಂದು ಎಲ್ಲರಿಗೂ ಗೊತ್ತಿತ್ತು, ಸಂಧ್ಯಾ ಒಂದು ದಿನ ಅತ್ತು ಎದ್ದಳು. ನನಗೆ ಅಷ್ಟು ಸುಳ್ಳನ್ನಾದರೂ ಯಾರಾದರೂ ಹೇಳಿದ್ದರೆ ನಾನೂ ಒಂದು ದಿನ ಅತ್ತು ಎದ್ದಿರುತ್ತಿದ್ದೆ. ಇಲ್ಲ ಎಂದು ಯಾರೂ ಹೇಳದೇ ಇದ್ದಾಗ ಹೌದು ಎಂಬುದು ಸಾಯುವುದಿಲ್ಲ.

ಆ ದಿನಗಳಲ್ಲಿ ನೀನು ಫೋನ್ ಮಾಡಿದಾಗಲೆಲ್ಲ ನಿನಗೂ ಏನೂ ತಿಳಿಸಿಲ್ಲ ಎನ್ನುತ್ತಿದ್ದಿ. ನಾನು ನಂಬುತ್ತಿದ್ದೆ. ಪೂರ್ತಿ ಅಲ್ಲ. ನಿನ್ನ ದನಿಯಲ್ಲಿ ಖುಷಿ ಇದೆಯೇ ಎಂದು ಹುಡುಕುತ್ತ ಕೇಳುತ್ತಿದ್ದೆ.

ತುಳಸಿ ಲಗ್ನದ ಮರುದಿನ ಮುಧೋಳಕ್ಕೆ ಹೋಗಿದ್ದೆ. ತಿರುಗಿ ಬರಲು ಬಸ್ಸಿನಲ್ಲಿ ಕೂತಿದ್ದಾಗ, ಬಸ್ಸು ಸ್ಟ್ಯಾಂಡಿನಿಂದ ಹೊರಳುವ ಹೊತ್ತಿಗೆ, ಯಾರೋ ಹೆಂಗಸೊಬ್ಬಳು ಬೆನ್ನು ಮಾಡಿ ಹಣ್ಣಿನ ಗಾಡಿಯ ಹತ್ತಿರ ನಿಂತಿದ್ದಳು. ಬೆನ್ನ ಮೇಲೆ ಸೆರಗು. ಸೆರಗಿನ ಮೇಲೆ ಪಾರಿವಾಳ, ಅದರಲ್ಲಿ ಒಂದು ಹಿಂದೆ ಹೊರಳಿ ನನ್ನನ್ನೇ ನೋಡುತ್ತಿತ್ತು. ಬಸ್ಸು ಹೊರಟಿತು. ನಾನು ನೋಡಿದ್ದು ಅಷ್ಟೇ, ಅಷ್ಟು ಸಾಕಾಗಿತ್ತು.

ನಿನಗೆ ಕೆಲಸ ಸಿಕ್ಕಿದೆ, ನೀನು ಮುಚ್ಚಿಟ್ಟಿದ್ದಿ ಎಂದು ಚಿಮ್ಮಡ ಬರುವುದರೊಳಗೆ ಖಾತ್ರಿ ಮಾಡಿಕೊಂಡಿದ್ದೆ. ಹೊಟ್ಟೆಕಿಚ್ಚು ಎಂದು ಬಾಯಿಮಾತಿಗೆ ಹೇಳುತ್ತೇವೆ. ನನಗೆ ಖರೆ ಖರೆ ಹೊಟ್ಟೆಯಲ್ಲೇ ಉರಿ ಬಂತು, ಅವ್ವ ಪಿತ್ತ ಎಂದು ಜೀರಿಗೆ ಕಷಾಯ ಮಾಡಿಕೊಟ್ಟಳು. ಕುಡಿಯುತ್ತ ಅವ್ವನಿಗೆ ಎಲ್ಲ ಹೇಳಿದೆ. ನಿನ್ನ ಕಾಕಾ ವಶೀಲಿ ಹಚ್ಚಿದ್ದಾರೆ ಎಂದೆ, ಅವರ ಅಡ್ಡಹೆಸರಿಗೆ ಬಾಗಿಲುಗಳು ತೆರೆದುಕೊಳ್ಳುತ್ತವೆ ಎಂದೆ. ಅವ್ವ ನಡುವೆ ಒಂದೇ ಮಾತು ಅಂದಳು, “ಆ ಹುಡಗಿ ಹಂಗಲ್ಲ ಬಿಡs.” ನಿನ್ನ ಪರ ಮಾತಾಡಿದಳೆಂದು ಅವತ್ತು ಅವ್ವನ ಜೊತೆಗೂ ಮಾತು ಬಿಟ್ಟೆ.

ಮುಂದಿನ ವಾರ ಕೆಲಸವಿಲ್ಲದೆ ಬನಹಟ್ಟಿಗೆ ಹೋಗಿ ಸಾವಕಾರರ ಅಂಗಡಿಯ ಮುಂದೆ ಹಾಯ್ದೆ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳಲ್ಲಿ ನಿನ್ನ ಚಪ್ಪಲಿ ಹುಡುಕಿದೆ. ಕಂದು ಬಣ್ಣದ ಒಂದು ಜೋಡು ನಿನ್ನದರ ಹಾಗೇ ಇತ್ತು. ಒಳಗೆ ಫ್ಯಾನಿನ ಕೆಳಗೆ ನೀನು ಕೂತಿದ್ದಿ, ಚಹಾ ಬಂದಿದೆ, ನಿನಗೆ ಅವರು ತಂಗಿ ಎನ್ನುತ್ತಾರೆ, ಇದೆಲ್ಲ ನನಗೆ ಗೋಡೆಯಾಚೆಯಿಂದ ಕಾಣುತ್ತಿತ್ತು. ಅಲ್ಲೇ ರಸ್ತೆಯ ಮೇಲೆ ನಿಂತು ನಿನ್ನನ್ನು ಬ್ಲಾಕ್ ಮಾಡಿದೆ. ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ನೀನು ಇಲ್ಲ ಎನ್ನುತ್ತಿದ್ದಿ, ಆಗ ಇಷ್ಟು ಚೆಂದ ಉರಿಯುವ ಸಿಟ್ಟನ್ನು ನಾನು ಆರಿಸಬೇಕಾಗುತ್ತಿತ್ತು.

ಈಗ ಸಂಕ್ರಮಣದ ಸುದ್ದಿ. ಸಂಧ್ಯಾಳಿಗೆ ಬೀಳಗಿಯ ಕಡೆ ನಿಶ್ಚಯ ಆಗಿದೆ. ಹುಡುಗ ಒಳ್ಳೆಯವನು. ಹಬ್ಬಕ್ಕೆ ಅತ್ತೆ ಮನೆಯವರು ಕುಸುರೆಳ್ಳಿನ ಜೊತೆ ಸೀರೆ ತಂದಿದ್ದರು. ಹೆಂಗಸರೆಲ್ಲ ಸುತ್ತ ಕೂತು ಬಿಡಿಸಿ ನೋಡುತ್ತಿದ್ದರು, ಸೆರಗು ಎಷ್ಟು ಛಂದ ಐತಿ ಎನ್ನುತ್ತಿದ್ದರು. ನಾನು ಹೊರಗಿನಿಂದ ಬಂದು ಕೂತು ನೋಡಿದರೆ ನಿನ್ನ ಪಾರಿವಾಳ. ಎದ್ದು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಸಂಧ್ಯಾ ಸೀರೆಯನ್ನು ನನ್ನ ತೊಡೆಯ ಮೇಲೇ ಹಾಕಿದಳು, ನೀನು ಇದೇ ಕಲಿತವಳು, ನೇಯ್ಗೆ ಹೇಗಿದೆ ನೋಡು ಎಂದಳು. ಕೈಯಲ್ಲಿ ಹಿಡಿದಾಗ ಅಂಚು ಕಂಡಿತು. ಕಬ್ಬಿನ ಸೂಲಂಗಿ, ಒಂದೇ ಕಡೆ ವಾಲಿದ್ದು. ನನ್ನದು.

ಒಂದೇ ಸೀರೆ, ರಸಿಕಾ. ಸೆರಗು ನಿನ್ನದು, ದಡಿ ನನ್ನದು. ಬಣ್ಣ ಮಾತ್ರ ಅವರದು, ಅಷ್ಟು ಚೆನ್ನಾಗಿಲ್ಲ.

ನನಗೆ ಆಗ ಮೊದಲು ಏನನಿಸಿತು ಎಂದು ಹೇಳಿದರೆ ನೀನು ನಗುತ್ತಿ. ಸಾವಕಾರರ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ಜನ ಸೆರಗು ಛಂದ ಎಂದರಲ್ಲ, ದಡಿ ಛಂದ ಎಂದು ಒಬ್ಬಳಾದರೂ ಅಂದಳೇ ಎಂದು ಅನಿಸಿತು. ಆಮೇಲೆ ದಡಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ. ನಿನಗೆ ಕೆಲಸ ಸಿಕ್ಕಿದ್ದರೆ ನನ್ನ ದಡಿ ಇಲ್ಲಿ ಹೇಗೆ ಬಂತು?

ಮೊನ್ನೆ ಸೋಮವಾರ ಅಂಗಡಿಗೆ ಹೋದೆ. ದಶರಥ ಇದ್ದ, ಸಾವಕಾರರು ಎಂದಿನಂತೆ ಊಟಕ್ಕೆ ಕೂತಿದ್ದರು. ನಮ್ಮ ಕೆಲಸ ತೆಗೆದುಕೊಂಡು ಸೀರೆ ಮಾಡಿದ್ದೀರಿ, ಕೆಲಸಕ್ಕೆ ಯಾರನ್ನು ತೆಗೆದುಕೊಂಡಿರಿ ಎಂದು ಕೇಳಿದೆ. ಜಗಳ ಮಾಡುವ ತಯಾರಿಯಲ್ಲೇ ಹೋಗಿದ್ದೆ. ಅವನಿಗೆ ನಾಚಿಕೆಯೂ ಆಗಲಿಲ್ಲ, ಗಾಬರಿಯೂ ಆಗಲಿಲ್ಲ. ಯಾರನ್ನೂ ತೆಗೆದುಕೊಂಡಿಲ್ಲ ಎಂದ. ಒಳಗೆ ಕೈ ತೋರಿಸಿದ. ಕಂಪ್ಯೂಟರಿನ ಮುಂದೆ ಖುರ್ಚಿ ಖಾಲಿ ಇತ್ತು, ಅದರ ಮೇಲೆ ನೂಲಿನ ಗಂಟು ಇಟ್ಟಿದ್ದರು.

ಆಮೇಲೆ ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ನೇಕಾರ ನಮೂನಿ ತಂದ್ರ ಹೌದೂ ಅನ್ನಂಗಿಲ್ಲ, ಒಲ್ಲೆ ಅಂತೂ ಅನ್ನಂಗಿಲ್ಲ ತಂಗಿ. ಇಟ್ಕೋತೀವಿ, ನಾಕ ಸೀರಿ ನೇಯಸ್ತೀವಿ. ಲಗ್ನಸರಾಯಿ ಸೀಜನ್ ಒಳಗ ಮಾಲ ಮಾರಿ ಹೋತಂದ್ರ ಕರಸ್ತೀವಿ. ನಮ್ಮ ಧಂದೇನ ಹಂಗ ಐತಿ.” ನಾವು ನಮೂನೆ ಅಲ್ಲ, ಮನುಷ್ಯರು ಎಂದೆ. ಹಂಗ ಯಾರೂ ಇಲ್ಲೀತನಕ ಅಂದಿರಲಿಲ್ಲ ಎಂದ.

ಎಂದರೆ ಇಷ್ಟು ತಿಂಗಳು ನಾನು ನಿನ್ನನ್ನು ಕೂರಿಸಿ ಉರಿದುಕೊಂಡ ಖುರ್ಚಿಯಲ್ಲಿ ನೂಲಿನ ಗಂಟು ಕೂತಿತ್ತು. ನಿನ್ನ ಕಾಕಾ ಏನೂ ಮಾಡಿಲ್ಲ. ನೀನು ಏನೂ ಮುಚ್ಚಿಟ್ಟಿಲ್ಲ. ನಿನಗೂ ಎಲ್ಲಾದರೂ ಯಾರದೋ ಮೈಮೇಲೆ ನನ್ನ ದಡಿ ಕಂಡು, ನನಗೆ ಕೆಲಸ ಆಗಿದೆ ಎಂದು ತಿಳಿದು ನೀನೂ ಸುಮ್ಮನಾಗಿದ್ದರೆ, ಅದು ಬೇರೆ ಮಾತು. ಹಾಗಾಗಿದ್ದರೆ ನನಗೆ ಸ್ವಲ್ಪ ಸಂತೋಷವೇ. ನನ್ನೊಬ್ಬಳದೇ ಹೊಟ್ಟೆ ಉರಿದಿರಬಾರದು. ಅಷ್ಟು ಮಾತ್ರ ಬರೆದು ತಿಳಿಸು.

ಇನ್ನೊಂದು ಮಾತು, ಗೆಳತಿ ಎಂದು ಹೇಳುತ್ತೇನೆ. ಇಂಥ ಜನ ನಾಳೆ ತಾವಾಗಿ ಕರೆದರೂ ನೀನು ಹೋಗಬಾರದು. ಅರ್ಧ ವರ್ಷ ಒಂದು ಮಾತು ತಿಳಿಸದೆ, ನಮ್ಮನ್ನು ಕಪಾಟಿನಲ್ಲಿ ಮಡಚಿಟ್ಟವರ ಮೆಟ್ಟಿಲು ಹತ್ತುವುದು ಮರ್ಯಾದೆ ಅಲ್ಲ. ನಿನಗೆ ಕಂಪ್ಯೂಟರು ಇದೆ, ಮನೆಯಲ್ಲೇ ಕೂತು ಬೇರೆಯವರಿಗೆ ಡಿಸೈನ್ ಬರೆದುಕೊಡಬಹುದು. ನಿನ್ನ ಕೈ ನನ್ನ ಕೈಗಿಂತ ಛಲೋ ಇದೆ, ಇದನ್ನು ಬರೆಯುವುದು ನನಗೆಷ್ಟು ತ್ರಾಸು ಎಂದು ನಿನಗೆ ಗೊತ್ತಿರಲಿ. ಆ ಬನಹಟ್ಟಿಯ ವಿಚಾರವನ್ನು ತಲೆಯಿಂದ ತೆಗೆದು ಹಾಕು.

ಅಜ್ಜಿಗೆ ಮತ್ತೊಮ್ಮೆ ನಮಸ್ಕಾರ. ಅವ್ವ ನಿನ್ನನ್ನು ಕೇಳುತ್ತಿರುತ್ತಾಳೆ, ಶೇಂಗಾ ಹೋಳಿಗೆ ತಿನ್ನಲು ಯಾವಾಗ ಬರುತ್ತಾಳೆ ಎಂದು. ನಿನ್ನ ನಂಬರನ್ನು ಇವತ್ತು ತೆರೆಯುತ್ತೇನೆ. ನಿನಗೂ ನಮಸ್ಕಾರ.

ಹೊಡೆದು ಹಾಕಿದ ಮಾತನ್ನು ಇಲ್ಲಿ ಮತ್ತೆ ಬರೆದುಕೊಂಡು,
ಪ್ರೀತಿಯ
ಮನೀಷಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ದಶರಥನ ಫೋನ್ ಬಂದಿತ್ತು. ಮಾಲು ಹೋಗಿದೆಯಂತೆ, ಇನ್ನೂ ಬೇಡಿಕೆ ಇದೆಯಂತೆ. ದಡಿ ಬರೆದ ಹುಡುಗಿ ಸೋಮವಾರ ಹತ್ತು ಗಂಟೆಗೆ ಬಂದು ಸಾವಕಾರರನ್ನು ಕಾಣಲಿ ಎಂದ. ದಡಿ ಎಂದ, ರಸಿಕಾ, ಮೊದಲು ದಡಿ ಎಂದ. ಅದು ಯಾವ ಸೀರೆಗಾದರೂ ಹೊಂದುತ್ತದಂತೆ. ಆಮೇಲೆ ಸೆರಗಿನ ಹುಡುಗಿಯೂ ಬರಲಿ, ಇಬ್ಬರನ್ನೂ ಕೂರಿಸಿ ನೋಡಿ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ ಎಂದ. ನಿನ್ನ ಕಾಕಾನಿಗೆ ವರ್ಗವಾಗಿ ಆಫೀಸಿನ ಆ ನಂಬರು ಬೇರೆಯವರ ಕೈಗೆ ಹೋಗಿದೆಯಂತೆ, ನೀನು ಅವರಿಗೆ ಸಿಗುತ್ತಿಲ್ಲ. “ಕೂಡೇ ಬಂದಿದ್ರಿ, ಆಕಿ ನಂಬರ ಐತೇನು ನಿಮ್ಮ ಕಡೆ?” ಎಂದು ಕೇಳಿದ. ನಿನ್ನ ನಂಬರು ನನಗೆ ಬಾಯಿಪಾಠ. ನಾನು ಹೇಳಿದೆ, “ಇಲ್ಲರಿ, ಆಕಿ ಈಗ ಎಲ್ಲದಾಳೊ ನನಗ ಗೊತ್ತಿಲ್ಲ.”

ಮೇಲೆ ನಿನಗೆ ಮರ್ಯಾದೆಯ ಪಾಠ ಬರೆದದ್ದು ಈ ಫೋನ್ ಬಂದ ಮೇಲೆ. ನಾನು ಹೋಗುವ ಬಟ್ಟೆಗೆ ಇಸ್ತ್ರಿ ಆಗಿದೆ. ಫೋನಿನಲ್ಲಿ ಹೇಳಿದರೆ ನಿನಗೆ ಇವತ್ತೇ ತಿಳಿಯುತ್ತದೆ. ಪೋಸ್ಟಿಗೆ ಹಾಕಿದರೆ ಸೋಮವಾರ ದಾಟಿದ ಮೇಲೆ ನಿನ್ನ ಕೈ ಸೇರುತ್ತದೆ, ಅಷ್ಟರಲ್ಲಿ ಖುರ್ಚಿಯ ಮೇಲೆ ನಾನಿರುತ್ತೇನೆ. ಅದಕ್ಕೇ ಪತ್ರ ಬರೆಯಲು ಕೂತಿದ್ದೆ. ಬರೆಯುತ್ತ ಹೋದಂತೆ, ನಾನೂ ನಿನಗೆ ಸಾವಕಾರರು ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದು ಕಂಡಿತು.

ಆದ್ದರಿಂದ ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ನಾಳೆ ಸಂಧ್ಯಾ ಆ ಸೀರೆಯ ಜಂಪರ ಹೊಲಿಸಲು ಜಮಖಂಡಿಗೆ ಬರುತ್ತಾಳೆ, ನಿನ್ನ ಕೈಗೇ ಕೊಡುತ್ತಾಳೆ. ಲಕೋಟೆಯ ಹಿಂದೆ ದಶರಥನ ನಂಬರು ಬರೆದಿದ್ದೇನೆ, ನೀನೇ ಮಾತಾಡು. ಸೋಮವಾರ ನಾನು ಬಾಗಿಲಲ್ಲೇ ನಿಂತಿರುತ್ತೇನೆ, ನೀನು ಬಂದ ಮೇಲೆ ಕೂಡಿಯೇ ಒಳಗೆ ಹೋಗೋಣ. ಆದರೆ ಆ ಹಸಿರು ಚೂಡಿದಾರ ಮಾತ್ರ ಹಾಕಿಕೊಂಡು ಬರಬೇಡ. ಅದರಲ್ಲಿ ನೀನು ಬಾಳ ಛಂದ ಕಾಣುತ್ತಿ.